ಡಾಲ್ಫಿನ್ ಮುತ್ತು ಕೊಟ್ಟಿದ್ದು ನಿಮಗಲ್ರಿ

ನಮ್ಮ ತಂಗಿ ಮಗಳು ಗಂಡನ ಜೋಡಿ ದುಬೈಗೆ ಹೋಗ್ಯಾಳ. ನಿನ್ನೆಯಿಂದ ಆಕಿ ಸ್ಟೇಟಸ್ ತುಂಬ ಡಾಲ್ಫಿನ್. ಕೆನ್ನಿಗೆ ಮುತ್ತು ಕೊಡೂದೇನು, ಅದರ ರೆಕ್ಕಿ ಹಿಡಕೊಂಡು ಈಸೂದೇನು! ಕೆಳಗ ಬರದಾಳ, "ಶುದ್ಧ ಪ್ರೀತಿ ಅಂದ್ರ ಇದು." ನವನಗರದ ಅರ್ಧ ಮಂದಿ ಮುಂದಿನ ವಿಮಾನ ಹತ್ತತಾರೋ ಏನೋ. ಇದನ್ನ ಓದಿ ತಂಗಿ ಫೋನ್ ಮಾಡತಾಳ. ಮಾಡ್ಲಿ.

ಸುಳ್ಳ ಯಾಕ ಹೇಳ್ಲಿ, ವಿಡಿಯೋ ಚಂದ ಐತಿ. ಮತ್ತ ಮತ್ತ ನೋಡೀನಿ. ನೋಡಿದಂಗೆಲ್ಲ ಪಿತ್ತ ನೆತ್ತಿಗೇರಿತು. ಎಡಗಡೆ ಮೂಲ್ಯಾಗ ಒಬ್ಬಾವ ನಿಂತಾನ, ಕೊಳ್ಳಾಗ ಸೀಟಿ, ಸೊಂಟಕ್ಕ ಮೀನಿನ ಚೀಲ. ಅಂವ ಕೈ ಎತ್ತತಾನ, ಡಾಲ್ಫಿನ್ ಮ್ಯಾಲೆದ್ದು ಈಕಿ ಕೆನ್ನಿಗೆ ಮೂತಿ ಹಚ್ಚತೈತಿ, ಅಂವ ಪುರ್ ಅಂತ ಸೀಟಿ ಊದತಾನ. ಅಷ್ಟ. ಆಮ್ಯಾಲ ಅದು ಈಕಿ ಕಡೆ ಹೊಳ್ಳಿ ಸೈತ ನೋಡಂಗಿಲ್ಲ, ಸೀದಾ ಅಂವನ ಮುಂದ ಹೋಗಿ ಬಾಯಿ ತಕ್ಕೊಂಡು ನಿಂದರತೈತಿ. ಈಕಿ ಇನ್ನೂ ಕಣ್ಣು ಮುಚ್ಚಿಕೊಂಡು ನಗಾಕತ್ತಾಳ!

ಪಳಗಸೂ ಪದ್ಧತೀನ ಹಂಗ. ನೀರಾಗಿಂದ ಜಿಗದಾಗ ಗಾಳ್ಯಾಗ ಅದರ ಬಾಯಿಗೆ ಮೀನು ಹಾಕಾಕ ಆಗೂದಿಲ್ಲ. ಅದಕ್ಕ ಮೊದಲ ಸೀಟಿ, ಆಮ್ಯಾಲ ಮೀನು ಅಂತ ರೂಢಿ ಮಾಡಸ್ತಾರ. ಸೀಟಿ ಕೇಳಿತಂದ್ರ ಕೂಲಿ ಬರತೈತಿ ಅಂತ ಅದಕ್ಕ ಗೊತ್ತು. ಕೋಲಿನ ತುದಿಗೆ ಚಂಡು ಕಟ್ಟಿ, ಅದಕ್ಕ ಮೂತಿ ಮುಟ್ಟಸಾಕ ಮೊದಲ ಕಲಸ್ತಾರ. ಚಂಡು ಇದ್ದ ಜಾಗಾದಾಗ ಈಗ ನಿಮ್ಮ ಕೆನ್ನಿ ಬಂದೈತಿ, ಬ್ಯಾರೆ ಏನೂ ಫರಕಿಲ್ಲ. ಸಮುದ್ರದಾಗ ಜೀವಂತ ಮೀನಿನ ಬೆನ್ನಟ್ಟೂ ಪ್ರಾಣಿಗೆ ಕೂಲಿ ಏನಪಾ ಅಂದ್ರ, ಬರ್ಫದಾಗ ಇಟ್ಟ ಸತ್ತ ಮೀನು. ಇದು ಪ್ರೀತಿ ಅಂತ!

"ಆದ್ರ ಅದು ನಗತೈತಲ್ಲ ಮಾಮಾ" ಅಂದ್ಲು. ನಗೂ ಇಲ್ಲ ಗಿಗೂ ಇಲ್ಲವಾ, ಅದರ ದವಡಿ ಇರೂದ ಹಂಗ. ಜಡ್ಡು ಬಿದ್ರೂ ಹಂಗ, ಸತ್ರೂ ಹಂಗ.

ಈ ಮಾತು ನಂದಷ್ಟ ಅಲ್ಲ. ರಿಕ್ ಓ'ಬ್ಯಾರಿ ಅಂತ ಅಮೆರಿಕದಾವ, 1960ರ ದಶಕದಾಗ ಟಿವಿ ಧಾರಾವಾಹಿಗೆ ಡಾಲ್ಫಿನ್ ಪಳಗಿಸಿ ಹೆಸರು ಮಾಡಿದಾವ. 1970ರಾಗ ಅಂವ ಪಳಗಿಸಿದ ಕ್ಯಾಥಿ ಅನ್ನೂ ಡಾಲ್ಫಿನ್ ಸತ್ತ ಮ್ಯಾಲ, ಕೊಳದಾಗ ಇಟ್ಟವನ್ನ ಬಿಡಸೂ ಹೋರಾಟಕ್ಕ ಇಳದ. ನಮ್ಮ ದೇಶದಾಗೂ ಚೆನ್ನೈ ಹತ್ರ ಬಲ್ಗೇರಿಯಾದಿಂದ ಡಾಲ್ಫಿನ್ ತರಿಸಿ ಆಟ ಆಡಸಾಕ ಹೋಗಿದ್ರು, ಕೆಲವ ತಿಂಗಳದಾಗ ಸತ್ತು ಹೋದವು. 2013ರಾಗ ಕೇಂದ್ರ ಸರ್ಕಾರ ಇಂಥಾ ಕೊಳಗಳಿಗೆ ಪರವಾನಗಿ ಕೊಡಬ್ಯಾಡ್ರಿ ಅಂತ ರಾಜ್ಯಗಳಿಗೆ ಹೇಳಿತು. ಅಂದ್ರ ಇಲ್ಲಿ ಬ್ಯಾಡ ಅಂದದ್ದನ್ನ ನಾವು ವಿಮಾನ ಹತ್ತಿ ಹೋಗಿ, ರೊಕ್ಕ ಕೊಟ್ಟು ಮಾಡಿ ಬರತೀವಿ. ಶಾಣ್ಯಾರಲ್ಲೇನು ನಾವು?

ಈಗ ಬರತೈತಿ ನೋಡ್ರಿ ಪ್ರಶ್ನೆ, "ನೀವು ಎತ್ತಿಗೆ ಮೂಗುದಾಣ ಹಾಕೂದಿಲ್ಲೇನು?" ಹಾಕತೀವ್ರಿ. ನಾನೂ ಹಾಕೀನಿ. ಆದ್ರ ನನ್ನ ಮ್ಯಾಲಿನ ಪ್ರೀತಿಗೆ ಎತ್ತು ಕುಂಟಿ ಎಳೀತೈತಿ ಅಂತ ಯಾವ ರೈತನೂ ಸ್ಟೇಟಸ್ ಹಾಕಿಲ್ಲ. ದುಡಸ್ತೀವಿ, ದುಡಸ್ತೀವಿ ಅಂತ ಒಪ್ಪತೀವಿ, ಕಾರಹುಣ್ಣಿಮಿಗೆ ಕೋಡಿಗೆ ಬಣ್ಣ ಬಳದು ಮೆರಸ್ತೀವಿ. ಅದೂ ತಪ್ಪು ಅನ್ನಾವರು ಬರ್ರಿ, ಬ್ಯಾರೆ ದಿನ ಜಗಳಾ ಆಡೂಣು. ಇವತ್ತ ಡಾಲ್ಫಿನ್ ಮಾತು ಮುಗೀಲಿ.

ನೋಡಬೇಕಂದ್ರ ನಮ್ಮ ಕಾರವಾರ ಐತೆಲ್ಲ. ದೇವಬಾಗದ ಕಡೆ ಸಮುದ್ರದಾಗ ಬೆನ್ನಿಗೆ ಗೂನು ಇರೂ ಡಾಲ್ಫಿನ್ ಅದಾವ. ಕಂಡ್ರೂ ಒಂದ ಗಳಿಗಿ ಬೆನ್ನು ತೋರಿಸಿ ಮುಳಗತಾವ, ನೀವು ಮೊಬೈಲ್ ತಗ್ಯೂದ್ರಾಗ ಇರಂಗಿಲ್ಲ. ಯಾವ ಸೀಟಿಗೂ ಹೊಳ್ಳಿ ಬರಂಗಿಲ್ಲ. ಬೋಟಿನಾವಗ ಮೊದಲ ಹೇಳ್ರಿ: ಬೆನ್ನು ಹತ್ತಬ್ಯಾಡ, ಇಂಜಿನ್ ಬಂದ್ ಮಾಡಿ ದೂರ ನಿಲ್ಲಸು ಅಂತ. ಕೇಳಲಿಲ್ಲಂದ್ರ ಟಿಪ್ಸ್ ಕೊಡಬ್ಯಾಡ್ರಿ.