ಮೇಷ್ಟ್ರನ್ನು ಆರಿಸುವಾಗ ಹಳ್ಳಿಯ ಅನುಭವಕ್ಕೂ ಅಂಕ ಬೇಕೆ?

ಪ್ರಶ್ನೆ: ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿಯ ರಾಜಕೀಯ ಅರ್ಥಶಾಸ್ತ್ರ ಕಲಿಸುವವರನ್ನು ನೇಮಿಸುವಾಗ, ಪಿಎಚ್‌ಡಿ ಮತ್ತು ಪ್ರಬಂಧಗಳ ಹಾಗೆ ಹಳ್ಳಿಗಳಲ್ಲಿ ಕೆಲಸ ಮಾಡಿದ ವರ್ಷಗಳಿಗೂ ಅಂಕ ಕೊಡಬೇಕೆ?

ಪರ: ರಸೀದಿ ಕೇಳಿದ ಹೆಂಗಸು

ಆರು ವರ್ಷ ನಾನು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ಸಣ್ಣ ಸಂಸ್ಥೆಯ ಪರವಾಗಿ ಓಡಾಡಿದ್ದೇನೆ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವು ಎಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ, ಅತ್ಯಂತ ಹಿಂದುಳಿದ 39ರಲ್ಲಿ ಅದೂ ಒಂದು. ಆಮೇಲೆ ಅತಿಥಿ ಉಪನ್ಯಾಸಕನಾದೆ. ಕಾಯಂ ಹುದ್ದೆಗೆ ಅರ್ಜಿ ಹಾಕುವಾಗ ನೋಡಿದರೆ, ಆ ಆರು ವರ್ಷ ಬರೆಯಲು ಕಾಲಮ್ಮೇ ಇಲ್ಲ. ‘ಇತರೆ’ ಎಂದು ಒಂದು ಸಾಲಿತ್ತು. ಅಲ್ಲಿ ತುರುಕಿದೆ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮ ತೆಗೆದು ನೋಡಿ. ಇಂಟರ್‌ವ್ಯೂಗೆ ಯಾರನ್ನು ಕರೆಯಬೇಕು ಎನ್ನುವುದಕ್ಕೆ ಅಂಕಪಟ್ಟಿ ಇದೆ. ಪಿಎಚ್‌ಡಿಗೆ 30. ಪ್ರಬಂಧವೊಂದಕ್ಕೆ 2, ಹೆಚ್ಚೆಂದರೆ 10. ಪಾಠ ಮಾಡಿದ ವರ್ಷಕ್ಕೆ 2, ಅದೂ 10ರವರೆಗೆ. ಹಳ್ಳಿಯಲ್ಲಿ ಕಳೆದ ವರ್ಷಕ್ಕೆ ಸೊನ್ನೆ. ಗಣಿತದ ಮೇಷ್ಟ್ರಿಗೆ ಇದು ಸರಿ. ಬಡತನ ಯಾಕೆ ಹೋಗುವುದಿಲ್ಲ ಎಂದು ಕಲಿಸುವವರಿಗೂ ಇದೇ ಅಳತೆಗೋಲೇ?

ಒಂದು ದಿನದ ಕಥೆ ಹೇಳುತ್ತೇನೆ. ನರೇಗಾ, ಅಂದರೆ ಉದ್ಯೋಗ ಖಾತ್ರಿ ಕಾಯ್ದೆಯಡಿ, ಕೆಲಸ ಬೇಕೆಂದು ಹನ್ನೆರಡು ಹೆಂಗಸರು ನಮೂನೆ 6 (ಕೆಲಸ ಕೇಳುವ ಅರ್ಜಿ) ತುಂಬಿಸಿಕೊಂಡು ಪಂಚಾಯಿತಿಗೆ ಬಂದಿದ್ದರು. ಅರ್ಜಿ ತೆಗೆದುಕೊಂಡ ಗುಮಾಸ್ತ, “ಆತು, ಹೋಗ್ರಿ, ಕೆಲಸ ಕೊಡ್ತೀವಿ” ಎಂದ. ಒಬ್ಬಾಕೆ ಕದಲಲಿಲ್ಲ.

“ರಸೀದಿ ಕೊಡ್ರಿ.”

“ರಸೀದಿ ಯಾಕ ಬೇಕವ್ವ? ಕೆಲಸ ಕೊಡ್ತೀವಿ ಅಂತ ಹೇಳಿನಲ್ಲ.”

“ರಸೀದಿ ಇಲ್ಲಂದ್ರ ಹದಿನೈದು ದಿನದ ಲೆಕ್ಕ ಹೆಂಗ ಹಿಡಿಯೂದ್ರಿ ಮತ್ತ?”

ನನಗೆ ಅವತ್ತೇ ಆ ಕಾಯ್ದೆ ಅರ್ಥವಾದದ್ದು. ಕೇಳಿದ ಹದಿನೈದು ದಿನದಲ್ಲಿ ಕೆಲಸ ಕೊಡದಿದ್ದರೆ ರಾಜ್ಯ ಸರ್ಕಾರ ನಿರುದ್ಯೋಗ ಭತ್ಯೆ ಕೊಡಬೇಕು ಎಂದು 2005ರ ಕಾಯ್ದೆ ಹೇಳಿತ್ತು. ಆ ಹದಿನೈದು ದಿನ ಶುರುವಾಗುತ್ತಿದ್ದದ್ದು ತಾರೀಕು ಹಾಕಿದ ರಸೀದಿಯಿಂದ. ರಸೀದಿ ಕೊಡದಿದ್ದರೆ ದಿನ ಶುರುವಾಗಲೇ ಇಲ್ಲ. ಭತ್ಯೆಯ ಮಾತೇ ಇಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ಆ ಊರಲ್ಲಿ ಕೆಲಸ ಕೇಳಿದವರೇ ಇಲ್ಲ! ದೂರದಲ್ಲಿ ಕೂತ ಸಂಶೋಧಕ ಅದನ್ನೇ ತೆಗೆದುಕೊಂಡು ‘ಇಲ್ಲಿ ಬೇಡಿಕೆ ಕಡಿಮೆ’ ಎಂದು ಬರೆಯುತ್ತಾನೆ. ಅವನಿಗೆ 2 ಅಂಕ. ಆ ಊರಿನ ಅರ್ಧ ಜನ ಅಷ್ಟೊತ್ತಿಗೆ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿರುತ್ತಾರೆ.

ಅವತ್ತು ಸಂಜೆ ಐದರವರೆಗೆ ಆಕೆ ಕೂತೇ ಇದ್ದಳು. ಕೊನೆಗೆ ರಸೀದಿ ಬಂತು, ತಾರೀಕು ಇಲ್ಲದೆ. ಮತ್ತೆ ಜಗಳ. ಈ ರಸೀದಿಯ ಕಥೆಯನ್ನು ನಾನು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತೇನೆ. ಅಧಿಕಾರ ಎಂದರೆ ಏನು, ಸರ್ಕಾರ ಹೇಗೆ ಕೆಲಸ ಮಾಡುತ್ತದೆ, ಎಲ್ಲ ಅದರಲ್ಲೇ ಇದೆ.

ನನ್ನ ಇಂಟರ್‌ವ್ಯೂನಲ್ಲಿ ಇದನ್ನು ಹೇಳಲು ಹೊರಟೆ. ಮಧ್ಯದಲ್ಲೇ ತಡೆದು, ನನ್ನ ಪ್ರಬಂಧ ಅಚ್ಚಾದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಪತ್ರಿಕೆಯ ತೂಕ ಅಳೆಯುವ ಸಂಖ್ಯೆ) ಎಷ್ಟು ಎಂದು ಕೇಳಿದರು. ಹನ್ನೊಂದು ನಿಮಿಷಕ್ಕೆ ಮುಗಿಯಿತು. ಅಂಕಪಟ್ಟಿ ಇರುವುದು ಕರೆಯುವುದಕ್ಕೆ ಮಾತ್ರ, ಆಯ್ಕೆ ಇಂಟರ್‌ವ್ಯೂ ಮೇಲೆಯೇ ಎಂದು ಅದೇ ನಿಯಮ ಹೇಳುತ್ತದೆ. ಹನ್ನೊಂದು ನಿಮಿಷದಲ್ಲಿ ಮೂವತ್ತು ವರ್ಷ ಪಾಠ ಮಾಡುವ ಮೇಷ್ಟ್ರನ್ನು ಆರಿಸಿಬಿಡುತ್ತಾರೆ. ನಾವು ಎತ್ತು ಕೊಳ್ಳುವಾಗಲೂ ಇದಕ್ಕಿಂತ ಜಾಸ್ತಿ ಹೊತ್ತು ಹಲ್ಲು ನೋಡುತ್ತೇವೆ.

2022ರಲ್ಲಿ ಹೊರಗೆ ಕೆಲಸ ಮಾಡಿದ ಅನುಭವಿಗಳಿಗಾಗಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಬಾಗಿಲು ತೆರೆದಿದ್ದಾರಲ್ಲ ಎನ್ನಬಹುದು. ಅದಕ್ಕೆ 15 ವರ್ಷದ ಅನುಭವ ಬೇಕು. ಎಷ್ಟೇ ಎಳೆದರೂ ನಾಲ್ಕು ವರ್ಷದ ಮೇಲೆ ಇರುವ ಹಾಗಿಲ್ಲ. ನಿವೃತ್ತ ದೊಡ್ಡ ಸಾಹೇಬರಿಗೆ ಸರಿ. ಮೂವತ್ತೈದರ ಹುಡುಗಿ ಕೆಲಸ ಬಿಟ್ಟು ಇದನ್ನು ನಂಬಿ ಬರುತ್ತಾಳಾ?

ಅನುಭವಕ್ಕೆ ಅಂಕ ಕೊಟ್ಟರೆ ವಶೀಲಿ ಶುರುವಾಗುತ್ತದೆ ಎನ್ನುವವರೂ ಇದ್ದಾರೆ. ಈಗ ವಶೀಲಿ ಇಲ್ಲವೇ? ಹೋಗಲಿ ಬಿಡಿ. ನಾನು ಕೇಳುತ್ತಿರುವುದು ವರ್ಷಕ್ಕೆ 2 ಅಂಕ, ಅಷ್ಟೇ.

ವಿರೋಧ: ಬೆರ್ಚಪ್ಪನಿಗೂ ಅನುಭವವಿದೆ

ಸಂಪಾದಕರು ಫೋನ್ ಮಾಡಿದಾಗ ನಾನು ‘ಪರ’ ಬರೆಯುತ್ತೇನೆ ಎಂದಿದ್ದೆ. ಆ ಜಾಗ ಆಗಲೇ ತುಂಬಿತ್ತು. ಒಪ್ಪಿಕೊಂಡ ಮೇಲೆ ಬರೆಯಬೇಕಲ್ಲ.

ಹೊಲದಲ್ಲಿ ನಿಂತ ಮಾತ್ರಕ್ಕೆ ಅರ್ಥಶಾಸ್ತ್ರ ಬರುವುದಾದರೆ ನಮ್ಮೂರ ಬೆರ್ಚಪ್ಪ ಇಷ್ಟೊತ್ತಿಗೆ ವಿಭಾಗದ ಮುಖ್ಯಸ್ಥ ಆಗಿರಬೇಕಿತ್ತು. ಮಳೆ ಬಿಸಿಲೆನ್ನದೆ ನಿಂತಿದ್ದಾನೆ, ಪಾಪ.

ತಮಾಷೆ ಇರಲಿ. ಅನುಭವವನ್ನು ಅಳೆಯುವವರು ಯಾರು? ಥೀಸಿಸ್ ಕೆಟ್ಟದಾಗಿದ್ದರೂ ಶೋಧಗಂಗಾ ಎಂಬ ಥೀಸಿಸ್‌ಗಳ ಜಾಲತಾಣದಲ್ಲಿ ತೆರೆದು ಓದಬಹುದು, ಕದ್ದಿದ್ದರೆ ಹಿಡಿಯಬಹುದು. ‘ಇವರು ನಮ್ಮಲ್ಲಿ ಐದು ವರ್ಷ ಹಳ್ಳಿ ಕೆಲಸ ಮಾಡಿದ್ದಾರೆ’ ಎಂಬ ಒಂದು ಹಾಳೆಯನ್ನು ಏನು ತೆರೆದು ನೋಡುವುದು? ನಾಳೆಯಿಂದಲೇ ಆ ಹಾಳೆ ಬರೆದುಕೊಡುವ ಅಂಗಡಿಗಳು ತೆರೆಯುತ್ತವೆ. ದುಡ್ಡು ಕೊಟ್ಟರೆ ಪ್ರಬಂಧ ಅಚ್ಚು ಹಾಕುವ ಪತ್ರಿಕೆಗಳು ಹೀಗೆಯೇ ಹುಟ್ಟಿದವು. ನಾವು ಅಂಕ ಇಟ್ಟೆವು, ಅವರು ಅಂಗಡಿ ಇಟ್ಟರು.

ಇನ್ನೊಂದು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಮಾನವಶಾಸ್ತ್ರಜ್ಞೆ 1954ರಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳನ್ನು ಆರಿಸಿಕೊಂಡರು. ಹೆಸರು ಬದಲಿಸಿ ವಂಗಲ, ದಲೇನ ಎಂದು ಕರೆದರು. ವಂಗಲದ ಹೊಲಗಳಿಗೆ ನಾಲೆ ನೀರು ಬಂದಿತ್ತು, ಜನ ಕಬ್ಬು ಬೆಳೆಯುತ್ತಿದ್ದರು. ದಲೇನಕ್ಕೆ ನೀರು ಹತ್ತಲಿಲ್ಲ. ಯಾವ ಊರು ಜಾಸ್ತಿ ಬದಲಾಯಿತು ಹೇಳಿ? ನೀರು ಬಂದ ಊರು ಅಂತ ತಾನೇ ಅನ್ನುತ್ತೀರಿ? ಅಲ್ಲ. ವಂಗಲದವರಿಗೆ ಕೈಯಲ್ಲಿ ಕಾಸು ಬಂತು. ಆದರೆ ಗದ್ದೆಯಲ್ಲೇ ಉಳಿದರು. ಒಕ್ಕಲಿಗ ಯಜಮಾನರಿಗೂ ಆಳುಮಕ್ಕಳಿಗೂ ಇದ್ದ ಹಳೆಯ ಸಂಬಂಧ ಹೆಚ್ಚು ಕಡಿಮೆ ಹಾಗೇ ಇತ್ತು. ದಲೇನದವರು ಹೊಟ್ಟೆಪಾಡಿಗೆ ಹೊರಗೆ ಹೋದರು. ಮಂಡ್ಯದಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕೆ ಇಳಿದರು. ಹಳೆಯ ಕಟ್ಟುಗಳು ಸಡಿಲವಾದದ್ದು ಅಲ್ಲಿ.

ವಂಗಲದಲ್ಲೇ ಇಪ್ಪತ್ತು ವರ್ಷ ಓಡಾಡಿದವರಿಗೂ ಇದು ಕಾಣುತ್ತಿರಲಿಲ್ಲ. ಎರಡು ಊರು ಪಕ್ಕಪಕ್ಕ ಇಟ್ಟು ನೋಡಬೇಕು ಎಂಬ ಪ್ರಶ್ನೆ ಬೇಕು. ಆ ಪ್ರಶ್ನೆ ಬಂದದ್ದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ. ಅದು ಆಕೆಯ ಪಿಎಚ್‌ಡಿ ಕೆಲಸ. ರಸೀದಿಯ ಕಥೆ ಚೆನ್ನಾಗಿದೆ, ಕಣ್ಣು ತೇವವಾಗುತ್ತದೆ. ಆದರೆ ಮೂವತ್ತು ವರ್ಷ ಒಂದೇ ರಸೀದಿ ತೋರಿಸುತ್ತಾ ಕೂರುವ ಮೇಷ್ಟ್ರೂ ನಮಗೆ ಬೇಡ.

ಎಪ್‌ಸ್ಟೈನ್ ಆ ಊರುಗಳಲ್ಲೇ ಬಂದು ಇದ್ದವರು ಎಂದು ನೀವು ಹೇಳಬಹುದು. ನಿಜ. ಅದು ಆ ಕಡೆಯವರ ವಾದಕ್ಕೂ ಒದಗುತ್ತದೆ. ಇರಲಿ.

ನನ್ನ ಥೀಸಿಸ್ ಪೂರ್ತಿ ಜನಗಣತಿಯ ಕೋಷ್ಟಕಗಳಿಂದ ಬಂದದ್ದು. ನಾಲ್ಕು ವರ್ಷದಲ್ಲಿ ಒಂದು ಹಳ್ಳಿಗೂ ಹೋಗಲಿಲ್ಲ, ಒಮ್ಮೆ ಗೈಡ್ ಮನೆಯ ಗೃಹಪ್ರವೇಶಕ್ಕೆ ಹೋದದ್ದು ಬಿಟ್ಟರೆ. ಕೆಲಸ ಸಿಕ್ಕಿತು. ಮೊದಲ ವರ್ಷ ಗುಳೆ ಬಗ್ಗೆ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಸಾರ್, ಗುಳೆ ಹೋದವರ ಮನೆ ಮುದುಕರಿಗೆ ರೇಷನ್ ಯಾರು ತಂದುಕೊಡುತ್ತಾರೆ?’ ಎಂದು ಕೇಳಿದ. ನಾಳೆ ಹೇಳುತ್ತೇನೆ ಎಂದೆ. ಅವನಿಗೆ ಉತ್ತರ ಗೊತ್ತಿತ್ತು ಅನಿಸುತ್ತದೆ.

ಹನ್ನೊಂದು ನಿಮಿಷದ ಇಂಟರ್‌ವ್ಯೂ ಸಾಲದು ಎನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಒಂದು ದಿನ ಕ್ಲಾಸಿನಲ್ಲಿ ನಿಲ್ಲಿಸಿ, ಹುಡುಗರೇ ಪ್ರಶ್ನೆ ಕೇಳಲಿ. ಆದರೆ ಸಂಪಾದಕರು ಕೇಳಿದ್ದು ಅದನ್ನಲ್ಲ.