ಔಷಧ ನಿಲ್ಲಿಸಿದ ಮೇಲಿನ ಚೇತರಿಕೆ

ಸೈಕೋಸಿಸ್‌ಗೆ, ಅಂದರೆ ವಾಸ್ತವದ ಅರಿವು ತಪ್ಪುವ ಮಾನಸಿಕ ಸ್ಥಿತಿಗೆ, ಕೊಡುವ ಔಷಧಗಳನ್ನು ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅಡ್ಡಪರಿಣಾಮಗಳೆಲ್ಲ ಹೋಗುತ್ತವೆ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ; ಆ ಮಾತು ಅರ್ಧ ಮಾತ್ರ ಸರಿ. ತೂಕಡಿಕೆ ಬೇಗ ಕಡಿಮೆಯಾಗುತ್ತದೆ. ಇಂಥ ಔಷಧಗಳಲ್ಲೊಂದಾದ ರಿಸ್ಪೆರಿಡೋನ್‌ನಿಂದ ಏರಿದ ಪ್ರೊಲ್ಯಾಕ್ಟಿನ್ (ಎದೆಹಾಲು ಉತ್ಪಾದನೆಗೆ ಸಂಬಂಧಿಸಿದ ಹಾರ್ಮೋನ್) ಕೂಡ ಸಾಮಾನ್ಯವಾಗಿ ಇಳಿಯುತ್ತದೆ. ಇಂಥದೇ ಇನ್ನೊಂದು ಔಷಧವಾದ ಓಲಾಂಜಪೈನ್‌ನಿಂದ ಬಂದ ತೂಕ ಮಾತ್ರ ತಾನಾಗಿಯೇ ಪೂರ್ತಿ ಕರಗುತ್ತದೆಂದು ನಂಬಿ ಕೂರುವಂತಿಲ್ಲ.

ಲೇಖನ ಮುಟ್ಟದೇ ಬಿಟ್ಟ ಟಾರ್ಡಿವ್ ಡಿಸ್ಕಿನೇಸಿಯಾ, ಅಂದರೆ ತುಟಿ, ನಾಲಿಗೆ, ದವಡೆಗಳು ಇಚ್ಛೆಯಿಲ್ಲದೆ ಚಲಿಸುವ ತೊಂದರೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಂಭೀರವಾದುದು. ಈ ಔಷಧಗಳಿಂದ ದೀರ್ಘಕಾಲ ತಡೆಗೊಳಗಾದ ಡೋಪಮೈನ್ ಗ್ರಾಹಕಗಳು (ಡೋಪಮೈನ್ ಎಂಬ ಮೆದುಳಿನ ಸಂದೇಶವಾಹಕ ರಾಸಾಯನಿಕವನ್ನು ಸ್ವೀಕರಿಸುವ ಕೋಶಭಾಗಗಳು) ಅತಿಸೂಕ್ಷ್ಮವಾಗುವುದು ಇದಕ್ಕೆ ಕಾರಣವೆಂಬುದು ಬಹುಕಾಲದ ವಿವರಣೆ; ಔಷಧವೇ ಅಡಗಿಸಿಟ್ಟಿದ್ದ ಈ ಚಲನೆ ಅದನ್ನು ನಿಲ್ಲಿಸಿದ ಬಳಿಕ ಮೊದಲ ಬಾರಿಗೆ ಕಾಣಿಸಿಕೊಳ್ಳಬಹುದು, ಕೆಲವರಲ್ಲಿ ತಿಂಗಳುಗಳ ನಂತರ ತಗ್ಗಬಹುದು, ಇನ್ನು ಕೆಲವರಲ್ಲಿ ಉಳಿದೇಬಿಡಬಹುದು. ಅಮೆರಿಕದಲ್ಲಿ 2017ರಲ್ಲಿ ಅನುಮೋದನೆ ಪಡೆದ ವಾಲ್ಬೆನಜೈನ್ ಮತ್ತು ಡ್ಯೂಟೆಟ್ರಾಬೆನಜೈನ್ ಎಂಬ ಔಷಧಗಳು ಇದನ್ನು ಕಡಿಮೆ ಮಾಡಬಲ್ಲವು, ಆದರೆ ಬೇರುಸಹಿತ ವಾಸಿ ಮಾಡುವುದಿಲ್ಲ.

ನಿದ್ರೆಗೇಡು, ವಾಕರಿಕೆ, ಚಡಪಡಿಕೆಗಳು ಔಷಧ ಬಿಟ್ಟದ್ದರ ಪರಿಣಾಮವೋ ರೋಗ ಮರುಕಳಿಸುತ್ತಿರುವ ಸೂಚನೆಯೋ ಎಂಬುದನ್ನು ರೋಗಿ ಒಬ್ಬರೇ ನಿರ್ಧರಿಸುವುದು ಕಷ್ಟ. ಅತಿ ಕಡಿಮೆ ಪ್ರಮಾಣದಲ್ಲೂ ಸೈಕೋಸಿಸ್ ಔಷಧಗಳು ಗಣನೀಯ ಸಂಖ್ಯೆಯ ಗ್ರಾಹಕಗಳನ್ನು ಹಿಡಿದಿಡುವುದರಿಂದ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸುವಾಗ ಕೊನೆಯ ಹಂತದ ಇಳಿಕೆ ಇನ್ನಷ್ಟು ಸಣ್ಣದಾಗಿರಬೇಕೆಂಬ ವಾದವಿದೆ. ಇದೇ ಗುಂಪಿನ ಕ್ಲೋಜಪೈನ್ ಅನ್ನಂತೂ, ವೈದ್ಯರೇ ತುರ್ತು ಕಾರಣಕ್ಕೆ ಹೇಳದ ಹೊರತು, ಹಠಾತ್ತನೆ ನಿಲ್ಲಿಸಲೇಬಾರದು.