ಡಾಟ್ ಕಾಮ್ ಸಿಗುತ್ತಾ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಹಿಂದಿನವರು ನಗುತ್ತಿದ್ದರು. ಈಗ ಹೊಸ ವ್ಯಾಪಾರಕ್ಕೆ ಇಳಿಯುವವರು ಮಾಡುವುದೇ ಅದು. ಏನು ಮಾರುತ್ತೇವೆ ಎಂಬುದು ಇನ್ನೂ ಅರ್ಧ ಮಾತಿನಲ್ಲಿರುತ್ತದೆ. ದುಡ್ಡು ಯಾರು ಹಾಕುತ್ತಾರೆ ಎಂಬುದನ್ನು ಯಾರೂ ಬಾಯಿಬಿಟ್ಟಿರುವುದಿಲ್ಲ. ಆದರೆ ಹೆಸರೊಂದು ಹೊಳೆದ ಕೂಡಲೇ, ಆ ಹೆಸರಿನ ವೆಬ್‌ಸೈಟ್ ವಿಳಾಸ ಸಿಗುತ್ತದೆಯೇ ಎಂದು ನೋಡಲು ಫೋನ್ ಹೊರಗೆ ಬರುತ್ತದೆ. ಒಬ್ಬರು ಟೈಪ್ ಮಾಡುತ್ತಾರೆ, ಉಳಿದವರು ಬಗ್ಗಿ ನೋಡುತ್ತಾರೆ. "ಡಾಟ್ ಕಾಮ್ ಸಿಗುತ್ತಾ?"

ಸಿಗುವುದಿಲ್ಲ.

ಮೊದಲು ಹೊಳೆದ ಹೆಸರು ಸಿಕ್ಕವರನ್ನು ನಾನಂತೂ ಕಂಡಿಲ್ಲ. ಡಾಟ್ ಕಾಮ್ ಒಂದರಲ್ಲೇ 15 ಕೋಟಿಗೂ ಹೆಚ್ಚು ಹೆಸರುಗಳು ನೋಂದಣಿಯಾಗಿವೆ. ನಿಘಂಟಿನ ಚಿಕ್ಕ ಇಂಗ್ಲಿಷ್ ಪದಗಳೆಲ್ಲ ಯಾವತ್ತೋ ಮುಗಿದುಹೋಗಿವೆ. ಹೋಗಲಿ, ಅಲ್ಲಿ ಯಾರಾದರೂ ವ್ಯಾಪಾರ ಮಾಡುತ್ತಿದ್ದಾರಾ ಎಂದು ನೋಡಿದರೆ ಎಷ್ಟೋ ಸಲ ಅದೂ ಇಲ್ಲ. "ಈ ಹೆಸರು ಮಾರಾಟಕ್ಕಿದೆ" ಎಂಬ ಒಂದೇ ಸಾಲು. ನಿಮಗೆ ನಾಳೆ ಬೇಕಾಗುವ ಹೆಸರನ್ನು ಇವತ್ತೇ ಹಿಡಿದುಕೊಂಡು ಕೂರುವುದೇ ಕೆಲವರ ಕಸುಬು. ಸಿಟ್ಟು ಬರುತ್ತದೆ. ಆದರೆ ಮೊದಲು ಬಂದವರಿಗೆ ಮೊದಲು ಎಂಬುದು ಇಲ್ಲಿಯ ನಿಯಮ. ಯಾರಿಗೆ ಹೆಚ್ಚು ಅಗತ್ಯ ಎಂದು ಯಾರೂ ಕೇಳುವುದಿಲ್ಲ.

ಹೆಸರು ಹುಡುಕುವ ಪುಟವೂ 'ಇಲ್ಲ' ಎಂದಷ್ಟೇ ಹೇಳಿ ಸುಮ್ನೆ ಇರುವುದಿಲ್ಲ. ಕೇಳದಿದ್ದರೂ ಸಲಹೆ ಕೊಡುತ್ತದೆ. ನಿಮ್ಮ ಹೆಸರಿನ ಮೊದಲಿಗೆ ಒಂದು 'ದಿ' ಅಂಟಿಸುತ್ತದೆ, ಕೊನೆಗೆ 'ಆನ್‌ಲೈನ್' ಅಂಟಿಸುತ್ತದೆ, 'ಹಬ್' ಅನ್ನುತ್ತದೆ, '24' ಅನ್ನುತ್ತದೆ. ನಗಬೇಡಿ, ದೊಡ್ಡವರೂ ಹೀಗೆ ಏನಾದರೊಂದು ಅಂಟಿಸಿಕೊಂಡೇ ಶುರು ಮಾಡಿದ್ದಾರೆ. ಫೇಸ್‌ಬುಕ್ 2004ರಲ್ಲಿ ಹುಟ್ಟಿದ್ದು 'ದಿಫೇಸ್‌ಬುಕ್' ಎಂಬ ಹೆಸರಿನಲ್ಲಿ. ಮರುವರ್ಷ 2 ಲಕ್ಷ ಡಾಲರ್ ಕೊಟ್ಟು ಬರೀ ಫೇಸ್‌ಬುಕ್ ಎಂಬ ವಿಳಾಸವನ್ನು ಕೊಂಡರು. ಟೆಸ್ಲಾ ಕಾರಿನವರು 2016ರವರೆಗೂ 'ಟೆಸ್ಲಾಮೋಟರ್ಸ್' ಎಂಬ ವಿಳಾಸದಲ್ಲೇ ಇದ್ದರು. ಅಷ್ಟು ದಿನವೂ ಕಾರು ಮಾರಾಟವಾಗುತ್ತಲೇ ಇತ್ತು ಅನ್ನುವುದನ್ನು ಗಮನಿಸಬೇಕು.

ಹೆಸರಿಗೆ ಹೀಗೆ ಮುಗಿಬೀಳುವುದು ಮೊದಲಿನಿಂದ ಇದ್ದದ್ದಲ್ಲ. ಶುರುವಿನಲ್ಲಿ ಕಂಪ್ಯೂಟರ್‌ಗಳ ಹೆಸರೆಲ್ಲ ಒಂದೇ ಫೈಲಿನಲ್ಲಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ. ಹೊಸ ಯಂತ್ರ ಸೇರಿದರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಯಲ್ಲಿ ಬರೆದುಕೊಳ್ಳಬೇಕು, ಮಿಕ್ಕವರು ಆ ಪಟ್ಟಿಯನ್ನು ಇಳಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಾದಂತೆ ಇದು ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಇಂಟರ್‌ನೆಟ್ ವಿಳಾಸದ ಹೆಸರುಗಳ, ಅಂದರೆ ಡೊಮೈನ್‌ಗಳ, ಈಗಿನ ಪದ್ಧತಿಯನ್ನು ರೂಪಿಸಿದರು. ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು, ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿಗೆ. ಆ ವರ್ಷ ಪೂರ್ತಿ ಡಾಟ್ ಕಾಮ್ ತೆಗೆದುಕೊಂಡವರು ಆರೇ ಮಂದಿ. ಅದೂ ಪುಕ್ಕಟೆ! ಶುಲ್ಕ ಶುರುವಾದದ್ದು 1995ರಲ್ಲಿ, ಎರಡು ವರ್ಷಕ್ಕೆ 100 ಡಾಲರ್.

ಅದಕ್ಕೆ ಸ್ವಲ್ಪ ಮುಂಚೆ, 1994ರಲ್ಲಿ, ಜೋಶುವಾ ಕ್ವಿಟ್ನರ್ ಎಂಬ ಅಮೆರಿಕದ ಪತ್ರಕರ್ತರು ಮೆಕ್‌ಡೊನಾಲ್ಡ್ಸ್ ಕಂಪನಿಗೆ ಫೋನ್ ಮಾಡಿ, ನಿಮ್ಮ ಹೆಸರಿನ ಡೊಮೈನ್ ಹಾಗೇ ಬಿದ್ದಿದೆಯಲ್ಲ, ಬೇಡವೇ ಎಂದು ಕೇಳಿದರು. ಅಲ್ಲಿ ಯಾರಿಗೂ ಅದು ತಲೆಗೆ ಹೋಗಲಿಲ್ಲ. ಕ್ವಿಟ್ನರ್ ಅವರೇ ನೋಂದಾಯಿಸಿಕೊಂಡರು. ಕೊನೆಗೆ ಶಾಲೆಯೊಂದಕ್ಕೆ ಇಂಟರ್‌ನೆಟ್ ಸೌಕರ್ಯ ಕೊಡಿಸಿ ಎಂಬ ಷರತ್ತಿನ ಮೇಲೆ ಕಂಪನಿಗೆ ಬಿಟ್ಟುಕೊಟ್ಟರು. ಆ ಬುದ್ಧಿ ಈಗಿನವರಿಗೆ ಎಲ್ಲಿಂದ ಬರಬೇಕು?

ಸರಿ, ಬಯಸಿದ್ದು ಸಿಗಲಿಲ್ಲ. ಇನ್ನು ಆರಿಸುವ ಕೆಲಸ. ಇಲ್ಲಿ ಎಲ್ಲರೂ ಕಣ್ಣಿನಿಂದ ಆರಿಸುತ್ತಾರೆ. ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಲೋಗೊ ಹಾಕಿದರೆ ಒಪ್ಪುತ್ತದೆ ಎಂದು ಲೆಕ್ಕ ಹಾಕುತ್ತಾರೆ. ನನ್ನ ಕೇಳಿದರೆ ಕಿವಿಯಿಂದ ಆರಿಸಬೇಕು. ಯಾಕೆಂದರೆ ಹೆಸರು ಜಾಸ್ತಿ ಓಡಾಡುವುದು ಬಾಯಿಂದ ಬಾಯಿಗೆ. ಫೋನಿನಲ್ಲಿ ಒಮ್ಮೆ ಹೇಳಿ ನೋಡಿ. ಆ ಕಡೆಯವರು ತಿರುಗಿ ಕೇಳದೆ ಬರೆದುಕೊಂಡರೆ ಹೆಸರು ಗೆದ್ದಂತೆ. "ಎಸ್ ಅಂದ್ರಾ, ಎಫ್ ಅಂದ್ರಾ?" ಎಂದು ಶುರುವಾದರೆ ಮುಂದೆ ವರ್ಷಗಟ್ಟಲೆ ಅದೇ ಪಾಡು. ನಡುವೆ ಅಡ್ಡಗೆರೆ ಇದ್ದರಂತೂ ಮುಗಿಯಿತು. "ಡ್ಯಾಶ್ ಸಾರ್, ಡ್ಯಾಶ್. ಕೆಳಗಿನ ಗೆರೆ ಅಲ್ಲ, ಮಧ್ಯದ್ದು. ಇಲ್ಲ ಸಾರ್, ಡ್ಯಾಶ್ ಅಂತ ಅಕ್ಷರದಲ್ಲಿ ಬರೀಬೇಡಿ." ಅಂಕಿಯೂ ಹಾಗೇ. ಎರಡು ಎಂದರೆ ಅಂಕಿಯಾ, ಅಕ್ಷರವಾ?

ನಮ್ಮ ನುಡಿಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರಿಗೆ ಇನ್ನೊಂದು ಕಷ್ಟ. 'ಶ್ರೀ' ಎಂದು ಬಾಯಲ್ಲಿ ಹೇಳುವುದು ಸುಲಭ. ಬರೆಯುವಾಗ ಒಬ್ಬರು ಎಸ್ ಆರ್ ಐ ಎನ್ನುತ್ತಾರೆ, ಇನ್ನೊಬ್ಬರು ನಡುವೆ ಎಚ್ ತೂರಿಸುತ್ತಾರೆ, ಮತ್ತೊಬ್ಬರಿಗೆ ಕೊನೆಯಲ್ಲಿ ಡಬಲ್ ಇ ಇಲ್ಲದಿದ್ದರೆ ಸಮಾಧಾನವಿಲ್ಲ. ಒಂದೇ ಶ್ರೀ, ಆದರೆ ಡೊಮೈನ್ ಲೆಕ್ಕದಲ್ಲಿ ನಾಲ್ಕಾರು ಬೇರೆ ಬೇರೆ ವಿಳಾಸ. ನಿಮ್ಮ ಗಿರಾಕಿ ಯಾವುದನ್ನು ಒತ್ತುತ್ತಾರೋ ದೇವರೇ ಬಲ್ಲ. ಎರಡು ಮೂರು ಕಾಗುಣಿತಗಳನ್ನೂ ಕೊಂಡು ಒಂದೇ ಕಡೆಗೆ ತಿರುಗಿಸುವವರಿದ್ದಾರೆ. ಅದು ದುಡ್ಡಿದ್ದವರ ದಾರಿ. ಇಲ್ಲದವರು ಕಾಗುಣಿತ ತಪ್ಪಲಾಗದ ಹೆಸರನ್ನೇ ಹುಡುಕಬೇಕು. ನಮ್ಮದೇ ಲಿಪಿಯಲ್ಲೂ ಡೊಮೈನ್ ಹೆಸರು ಪಡೆಯಬಹುದು ನಿಜ. ಆದರೆ ತೆರೆಯ ಹಿಂದೆ ಯಂತ್ರಗಳು ಅದನ್ನು ಎಕ್ಸ್ ಎನ್ ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಿಸಿಕೊಂಡೇ ಕೆಲಸ ಮಾಡುತ್ತವೆ. ಕೆಲವು ಅರ್ಜಿ ನಮೂನೆಗಳು ಅಂಥ ಇಮೇಲ್ ವಿಳಾಸವನ್ನು ಇನ್ನೂ ಒಪ್ಪುವುದಿಲ್ಲ.

ಡೊಮೈನ್‌ನಲ್ಲಿ ಜಾಗ ಬಿಡುವಂತಿಲ್ಲ ಎಂಬುದನ್ನೂ ಮರೆಯಬಾರದು. ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್ ಎಂಬ ಮರ್ಯಾದಸ್ಥ ತಾಣವೊಂದಿದೆ. ಕಂಪ್ಯೂಟರ್ ತಜ್ಞರು ಪ್ರಶ್ನೆಗಳಿಗೆ ಉತ್ತರ ಕೊಡುವ ಜಾಗ. ಮೊದಲಿಗೆ ಎರಡೂ ಪದ ಕೂಡಿಸಿ ವಿಳಾಸ ಮಾಡಿಕೊಂಡರು. ಓದುವವರು ಅದನ್ನು ಒಂದಕ್ಷರ ಮುಂಚೆಯೇ ಮುರಿದು 'ಎಕ್ಸ್‌ಪರ್ಟ್ ಸೆಕ್ಸ್ ಚೇಂಜ್' ಎಂದು ಓದತೊಡಗಿದರು. ಕೊನೆಗೆ ಅವರೂ ಅಡ್ಡಗೆರೆಗೆ ಶರಣಾದರು. ಹೆಸರು ಪಕ್ಕಾ ಮಾಡುವ ಮುಂಚೆ ಮನೆಯ ತುಂಟ ಹುಡುಗನೊಬ್ಬನಿಗೆ ಓದಲು ಕೊಡುವುದು ಒಳ್ಳೆಯದು. ಸಲಹೆಗಾರರಿಗೆ ಕಾಣದ್ದು ಅವನಿಗೆ ಕಾಣುತ್ತದೆ.

ಉದ್ದದ ವಿಷಯದಲ್ಲಿ ನಿಯಮ ಧಾರಾಳ. ಒಂದು ಹೆಸರಿಗೆ 63 ಅಕ್ಷರಗಳವರೆಗೆ ಅವಕಾಶವಿದೆ. ಅವಕಾಶವಿದೆ ಎಂದು ಬಳಸಬೇಕಾಗಿಲ್ಲ. ಮಾರುವ ಸರಕನ್ನೇ ಹೆಸರಿಗೆ ಕಟ್ಟಿಹಾಕುವುದೂ ಅಷ್ಟೇನೂ ಜಾಣತನವಲ್ಲ. ಅಮೆಜಾನ್ ಪುಸ್ತಕ ಮಾರಲು ಶುರುವಾದದ್ದು. ಹೆಸರಿನಲ್ಲಿ ಪುಸ್ತಕ ಎಂದಿದ್ದರೆ ಆಮೇಲೆ ಪಾತ್ರೆ, ಚಪ್ಪಲಿ ಮಾರುವಾಗ ಮುಜುಗರವಾಗುತ್ತಿತ್ತು ಅಲ್ವಾ? ಅದಕ್ಕೂ ಮುಂಚೆ ಆ ಕಂಪನಿಗೆ 'ಕಡಾಬ್ರಾ' ಎಂದು ಹೆಸರಿತ್ತು. ವಕೀಲರೊಬ್ಬರು ಫೋನಿನಲ್ಲಿ ಅದನ್ನು 'ಕಡಾವರ್' ಎಂದು ಕೇಳಿಸಿಕೊಂಡರು. ಅಂದರೆ ಹೆಣ. ಹೆಸರು ಬದಲಾಯಿತು. ಕಿವಿಯಿಂದ ಆರಿಸಬೇಕು ಎಂದು ನಾನು ಸುಮ್ನೆ ಹೇಳಲಿಲ್ಲ.

ಹೆಸರಿನ ಕೊನೆಗೆ ಚುಕ್ಕಿಯ ನಂತರ ಬರುವ ಬಾಲದ ವಿಷಯ ಬೇರೆಯೇ ಇದೆ. ಡಾಟ್ ಕಾಮ್ ಇಲ್ಲದಿದ್ದರೆ ಬದುಕೇ ಇಲ್ಲ ಎಂಬ ಭಾವನೆ ನನಗೆ ಸ್ವಲ್ಪ ಅತಿ ಅನ್ನಿಸುತ್ತದೆ. ಆದರೆ ಅಭ್ಯಾಸ ದೊಡ್ಡದು. ನೀವು ಬೇರೆ ಏನೇ ಹೇಳಿದರೂ ಜನರ ಬೆರಳು ಡಾಟ್ ಕಾಮ್ ಒತ್ತಿಬಿಡುತ್ತದೆ. ಈಗ ಸಾವಿರಕ್ಕೂ ಹೆಚ್ಚು ಬಾಲಗಳಿವೆ. ಕೆಲವು ದೇಶಗಳಿಗೆ ಇದು ಲಾಟರಿ. ತುವಾಲು ಎಂಬ ಪೆಸಿಫಿಕ್‌ನ ಪುಟ್ಟ ದ್ವೀಪ ದೇಶಕ್ಕೆ ಡಾಟ್ ಟಿವಿ ಸಿಕ್ಕಿತು. ಟಿವಿ, ವಿಡಿಯೊದವರಿಗೆ ಅದು ಬೇಕಾಯಿತು. ಕೆರಿಬಿಯನ್ ದ್ವೀಪ ಆಂಗ್ವಿಲ್ಲಾಗೆ ಸಿಕ್ಕಿದ್ದು ಡಾಟ್ ಎಐ. ಕೃತಕ ಬುದ್ಧಿಮತ್ತೆಯ ಗಾಳಿ ಬೀಸಿದಾಗ, 2023ರಲ್ಲಿ, ಅಲ್ಲಿನ ಸರ್ಕಾರದ ಆದಾಯದ ಐದರಲ್ಲಿ ಒಂದು ಪಾಲು ಈ ಎರಡಕ್ಷರದಿಂದಲೇ ಬಂತು. ಹಾಗೆಂದು ದೇಶದ ಬಾಲ ಶಾಶ್ವತವೂ ಅಲ್ಲ. ಯುಗೊಸ್ಲಾವಿಯ ಒಡೆದುಹೋದ ಮೇಲೆ ಅದರ ಡಾಟ್ ವೈಯು 2010ರಲ್ಲಿ ಪೂರ್ತಿ ಅಳಿಸಿಹೋಯಿತು. ಆ ಬಾಲ ಇಟ್ಟುಕೊಂಡವರೆಲ್ಲ ಬೇರೆ ವಿಳಾಸಕ್ಕೆ ಹೋಗಬೇಕಾಯಿತು.

ಹೆಸರು ಖಾಲಿ ಇದೆ ಎಂದ ಮಾತ್ರಕ್ಕೆ ಅದು ನಿಮ್ಮದಾಗುತ್ತದೆ ಎಂದೂ ತಿಳಿಯಬಾರದು. ಬೇರೆಯವರ ಟ್ರೇಡ್‌ಮಾರ್ಕ್ ಆಗಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಉಜಿ ನಿಸ್ಸಾನ್ ಎಂಬುವರ ಕತೆ ಇದಕ್ಕೆ ಸಾಕ್ಷಿ. ನಿಸ್ಸಾನ್ ಎಂಬುದು ಅವರ ಮನೆತನದ ಹೆಸರೇ. ತಮ್ಮ ಕಂಪ್ಯೂಟರ್ ವ್ಯಾಪಾರಕ್ಕೆಂದು 1994ರಲ್ಲಿ ಆ ಹೆಸರಿನ ಡಾಟ್ ಕಾಮ್ ತೆಗೆದುಕೊಂಡರು. 1999ರಲ್ಲಿ ನಿಸ್ಸಾನ್ ಕಾರಿನ ಕಂಪನಿ ಕೋರ್ಟಿಗೆ ಹೋಯಿತು. ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. 2020ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಹೆಸರನ್ನು ಬಿಡಲಿಲ್ಲ. ಗೆದ್ದರು ಅನ್ನಬೇಕು. ಆದರೆ ಅಷ್ಟು ವರ್ಷದ ವಕೀಲರ ಫೀಸು ನೆನೆಸಿಕೊಂಡರೆ ಅಂಥ ಗೆಲುವು ಯಾರಿಗೂ ಬೇಡ ಅನ್ನಿಸುತ್ತದೆ. ಇಂಥ ಜಗಳಗಳನ್ನು ಕೋರ್ಟಿಗೆ ಹೋಗದೆ ತೀರಿಸಿಕೊಳ್ಳಲು, ಡೊಮೈನ್ ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆ 1999ರಲ್ಲೇ ಒಂದು ಪದ್ಧತಿ ಮಾಡಿದೆ. ಬೇರೆಯವರ ಬ್ರ್ಯಾಂಡನ್ನು ದುರುದ್ದೇಶದಿಂದ ಹಿಡಿದಿಟ್ಟುಕೊಂಡದ್ದು ಸಾಬೀತಾದರೆ ಹೆಸರು ಕೈಬಿಡುತ್ತದೆ.

ಇನ್ನು ನೋಂದಣಿ. ಹೆಸರಿಗೆ ವಾರಗಟ್ಟಲೆ ತಲೆ ಕೆಡಿಸಿಕೊಂಡವರು ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಬೇಗ ಮುಗಿಸಿಬಿಡೋಣ ಎಂದು ಕಂಡಲ್ಲೆಲ್ಲ 'ಸರಿ' ಒತ್ತುತ್ತಾರೆ. ಎಚ್ಚರವಾಗಿರಬೇಕಾದದ್ದು ಇಲ್ಲೇ. ಮೊದಲ ವರ್ಷದ ಬೆಲೆ ದೊಡ್ಡ ಅಕ್ಷರದಲ್ಲಿರುತ್ತದೆ, ಎರಡನೆಯ ವರ್ಷದ್ದು ಇರುವೆಯಷ್ಟು ಚಿಕ್ಕದು. ಎರಡನೆಯದನ್ನೇ ನಿಜವಾದ ಬೆಲೆ ಎಂದು ತಿಳಿದುಕೊಳ್ಳಿ. ನಡುವೆ ಅದು ಬೇಕಾ, ಇದು ಬೇಕಾ ಎಂದು ಹತ್ತು ಸಾಮಾನು ಬುಟ್ಟಿಗೆ ಹಾಕುತ್ತಾರೆ. ಮನೆ ವಿಳಾಸ, ಫೋನ್ ನಂಬರ್ ಎಲ್ಲರಿಗೂ ಕಾಣದಂತೆ ಮುಚ್ಚಿಡುವ ಸೌಲಭ್ಯವಿದ್ದರೆ ಅದೊಂದು ಇರಲಿ. ಮಿಕ್ಕದ್ದು ಆಮೇಲೆ ನೋಡಿದರಾಯಿತು.

ಎಲ್ಲಕ್ಕಿಂತ ಮುಖ್ಯ, ಯಾರ ಹೆಸರಿನಲ್ಲಿ ನೋಂದಣಿ? ವೆಬ್‌ಸೈಟ್ ಮಾಡಿಕೊಡುವ ಹುಡುಗ ಬಂದಿರುತ್ತಾನೆ. "ನೀವೇನೂ ತಲೆ ಕೆಡಿಸ್ಕೋಬೇಡಿ ಅಣ್ಣಾ, ನಾನೇ ತಗೊಂಡ್ಬಿಡ್ತೀನಿ" ಎನ್ನುತ್ತಾನೆ. ಒಳ್ಳೆಯ ಹುಡುಗನೇ. ಅವನ ಖಾತೆ, ಅವನ ಇಮೇಲ್, ಅವನ ಕಾರ್ಡು. ಮೂರು ವರ್ಷದ ಮೇಲೆ ಅವನು ಬೇರೆ ಕೆಲಸಕ್ಕೆ ಹೋಗಿರುತ್ತಾನೆ, ನಂಬರ್ ಬದಲಾಗಿರುತ್ತದೆ. ಫಲಕದ ಮೇಲೆ, ಬಿಲ್ಲಿನ ಮೇಲೆ, ಕಾರ್ಡಿನ ಮೇಲೆ ಅಚ್ಚಾದ ಹೆಸರಿಗೆ ದಾಖಲೆಯಲ್ಲಿ ಅವನೇ ಒಡೆಯ. ಜಗಳ ಆಡಿಲ್ಲ, ಮೋಸ ಆಗಿಲ್ಲ, ಆದರೂ ಹೆಸರು ನಿಮ್ಮದಲ್ಲ. ಅವನಿಂದ ಕೆಲಸ ಮಾಡಿಸಿಕೊಳ್ಳಿ, ಖಾತೆ ಮಾತ್ರ ನಿಮ್ಮದಿರಲಿ. ಡಾಟ್ ಕಾಮ್‌ನಂಥ ಹೆಸರುಗಳಿಗೆ ನೋಂದಣಿಯಾದ ಮೇಲೆ ಇಮೇಲ್ ಖಚಿತಪಡಿಸಿ ಎಂಬ ಸಂದೇಶ ಬರುತ್ತದೆ. ಅದನ್ನು ಜಾಹೀರಾತು ಎಂದು ಅಳಿಸಬೇಡಿ. 15 ದಿನದಲ್ಲಿ ಒತ್ತದಿದ್ದರೆ ಹೆಸರು ಸ್ಥಗಿತವಾಗಬಹುದು.

ನಿಮ್ಮದು ಎಂದೆ, ಆದರೆ ಅದೂ ಪೂರ್ತಿ ನಿಜವಲ್ಲ. ಡೊಮೈನ್ ಕೊಂಡೆ ಎನ್ನುತ್ತೇವೆ, ವಾಸ್ತವವಾಗಿ ಅದು ಬಾಡಿಗೆ. ಡಾಟ್ ಕಾಮ್ ಆದರೆ ಒಮ್ಮೆಗೆ ಹೆಚ್ಚೆಂದರೆ 10 ವರ್ಷ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ತನ್ನದೊಂದು ಡೊಮೈನ್ ನವೀಕರಿಸುವುದನ್ನು ಮರೆತುಬಿಟ್ಟಿತು. ಹಾಟ್‌ಮೇಲ್‌ಗೆ ಲಾಗಿನ್ ಆಗಲು ಬೇಕಾಗಿದ್ದದ್ದು ಅದೇ. ಜನರ ಮೇಲ್ ನಿಂತಿತು. ಹೊರಗಿನ ಪ್ರೋಗ್ರಾಮರ್ ಒಬ್ಬರು ಕಾರಣ ಪತ್ತೆಹಚ್ಚಿ, ತಮ್ಮ ಕಾರ್ಡಿನಿಂದ 35 ಡಾಲರ್ ಕಟ್ಟಿದರು! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅವಧಿ ಮುಗಿದ ಕ್ಷಣವೇ ಹೆಸರು ಹೋಗುವುದಿಲ್ಲ. ಸಾಮಾನ್ಯವಾಗಿ ಕೆಲವು ದಿನ ಸಡಿಲ ಬಿಡುತ್ತಾರೆ. ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ. ಅದೂ ದಾಟಿದರೆ ಐದು ದಿನದಲ್ಲಿ ಅಳಿಸುತ್ತಾರೆ. ಅದನ್ನು ಎತ್ತಿಕೊಳ್ಳಲು ಆ ಕಡೆ ಕಂಪ್ಯೂಟರ್‌ಗಳು ಕಾದು ಕೂತಿರುತ್ತವೆ. ತಾನಾಗಿ ನವೀಕರಣವಾಗುವಂತೆ ಇಟ್ಟಿದ್ದೇನೆ ಎಂದು ನಿಶ್ಚಿಂತೆಯಿಂದ ಇರುವವರು ಕಾರ್ಡಿನ ಅವಧಿ ಮುಗಿದದ್ದನ್ನು ನೋಡಿರುವುದಿಲ್ಲ. ಹೆಸರು ನೋಂದಾಯಿಸಿಕೊಟ್ಟ ರಿಜಿಸ್ಟ್ರಾರ್ ಎಚ್ಚರಿಕೆ ಕಳಿಸುತ್ತಲೇ ಇರುತ್ತಾನೆ. ಅದು ಹೋಗುವುದು ನೀವು ಹೆಮ್ಮೆಯಿಂದ ಮಾಡಿಸಿಕೊಂಡ, ಅದೇ ಡೊಮೈನ್‌ನ ಇಮೇಲಿಗೆ. ಡೊಮೈನ್ ನಿಂತ ದಿನ ಆ ಇಮೇಲೂ ನಿಂತಿತು. ಪಾಸ್‌ವರ್ಡ್ ಮರೆತಿದ್ದರೆ ಹೊಸದು ಬರುವುದೂ ಅಲ್ಲಿಗೇ. ಆದ್ದರಿಂದ ಖಾತೆಗೆ ಹಳೆಯ, ಮಾಮೂಲಿ, ಬೇರೆ ಕಡೆಯ ಇಮೇಲ್ ವಿಳಾಸ ಕೊಡಿ. ನೋಡೋಕೆ ಅಷ್ಟು ಜೋರಾಗಿರುವುದಿಲ್ಲ, ಪರವಾಗಿಲ್ಲ. ಅದನ್ನು ನೋಡುವವರು ನೀವು ಮತ್ತು ರಿಜಿಸ್ಟ್ರಾರ್ ಮಾತ್ರ.